ಕತೆ, ಕತ್ತೆ ಮತ್ತು ಒಂದು ಹಳೇ ಲ್ಯಾಪ್‌ಟಾಪ್

ಹೋದ ವರ್ಷ ಜುಲೈನಲ್ಲಿ ನಾಲ್ಕನೇ ತರಗತಿಯ ಉಕ್ತಲೇಖನದ ಪುಸ್ತಕಗಳನ್ನು ತಿದ್ದುತ್ತಾ ಕೂತಿದ್ದೆ. ನಾನು ಹೇಳಿ ಬರೆಸಿದ್ದ ವಾಕ್ಯ ಇದು: ಕತ್ತೆಯ ಬೆನ್ನ ಮೇಲೆ ಹತ್ತಿ ಮೂಟೆ ಇತ್ತು. ಮಕ್ಕಳು ಬರೆದಿದ್ದು: ಕತೆಯ ಬೆನ ಮೇಲೆ ಹತಿ ಮೂಟೆ ಇತು. ಒಬ್ಬರಲ್ಲ, ಇಬ್ಬರಲ್ಲ. 31 ಮಕ್ಕಳಲ್ಲಿ 12 ಮಂದಿಯ ಪುಸ್ತಕದಲ್ಲಿ ಒತ್ತಕ್ಷರಗಳೆಲ್ಲ ಉದುರಿಹೋಗಿದ್ದವು.

ಕನ್ನಡ ಕಲಿಸುವ ಯಾರಿಗೂ ಇದು ಹೊಸದಲ್ಲ. ಓದುವಾಗ ಮಕ್ಕಳು ಒತ್ತನ್ನು ಹೇಗೋ ಓದಿಬಿಡುತ್ತಾರೆ, ಬರೆಯುವಾಗ ಬಿಟ್ಟುಬಿಡುತ್ತಾರೆ. ನಾವು "ಒತ್ತಿ ಹೇಳು" ಅನ್ನುತ್ತೇವೆ, ಚಪ್ಪಾಳೆ ತಟ್ಟಿಸುತ್ತೇವೆ, ಹತ್ತು ಸಲ ಬರೆಸುತ್ತೇವೆ. ಮುಂದಿನ ವಾರ ಮತ್ತೆ ಅದೇ. ನನ್ನನ್ನು ಕಾಡಿದ್ದು ಬೇರೆ ವಿಷಯ. ಆ 12 ಮಕ್ಕಳಲ್ಲಿ ಒಬ್ಬರೂ ಮಾತಾಡುವಾಗ ಕತ್ತೆಯನ್ನು ಕತೆ ಅನ್ನುವುದಿಲ್ಲ. ಮೈದಾನದಲ್ಲಿ ಜಗಳ ಬಂದಾಗ ಒಬ್ಬರಿಗೊಬ್ಬರು ಎಷ್ಟು ಸ್ಪಷ್ಟವಾಗಿ "ಕತ್ತೆ" ಅಂತ ಬೈದುಕೊಳ್ಳುತ್ತಾರೆ ಅಂದರೆ, ಒತ್ತಿನ ಪಾಠವೇ ಬೇಕಾಗಿಲ್ಲ ಅನಿಸುತ್ತದೆ. ಅಂದರೆ ಬಾಯಿಗೆ ಗೊತ್ತು. ಕಿವಿಗೂ ಗೊತ್ತು. ಕೈಗೆ ಮಾತ್ರ ಇನ್ನೂ ಗೊತ್ತಾಗಿಲ್ಲ.

ಆ ಸಮಯಕ್ಕೆ ನಮ್ಮ ಶಾಲೆಗೆ ಒಂದು ಲ್ಯಾಪ್‌ಟಾಪ್ ಬಂದಿತ್ತು. ನಮ್ಮದು ಪೀಣ್ಯದ ಹತ್ತಿರದ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಸುತ್ತ ಸಣ್ಣ ಸಣ್ಣ ವರ್ಕ್‌ಶಾಪ್‌ಗಳು, ಗಾರ್ಮೆಂಟ್ಸ್, ಕಟ್ಟಡದ ಕೆಲಸ. ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯ ಸದಸ್ಯರೊಬ್ಬರ ತಮ್ಮ ತನ್ನ ಆಫೀಸಿನವರು ಬೇಡ ಅಂತ ಬಿಟ್ಟ ಲ್ಯಾಪ್‌ಟಾಪನ್ನು ತಂದುಕೊಟ್ಟರು. ಅದರಲ್ಲಿದ್ದ ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಕಂಪನಿ ಬೆಂಬಲ ನಿಲ್ಲಿಸಿದೆ. ಆನ್ ಆಗಲು ಬಿಸಿಯೂಟದ ಬೆಲ್ ಹೊಡೆಯುವಷ್ಟು ಹೊತ್ತು ಬೇಕಿತ್ತು. ಒಂದು ಭಾನುವಾರ ಕಂಪ್ಯೂಟರ್ ಬಿಡಿಭಾಗ ಸಿಗುವ ಎಸ್.ಪಿ. ರೋಡಿಗೆ ಹೋಗಿ ಹಳೇ ರ‍್ಯಾಮ್ ಒಂದನ್ನು ತಂದೆ. ಆ ತಮ್ಮನೇ ಕೂತು ಲುಬುಂಟು ಹಾಕಿಕೊಟ್ಟರು. ಅದು ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್‌ನ ಒಂದು ಹಗುರವಾದ ರೂಪ, ಹಳೇ ಯಂತ್ರಗಳಲ್ಲೂ ಓಡುತ್ತದೆ. ಅದಕ್ಕೂ ದುಡ್ಡಿಲ್ಲ, ಅದರ ಮೇಲೆ ಹಾಕಿದ ಯಾವುದಕ್ಕೂ ದುಡ್ಡಿಲ್ಲ. ಮಕ್ಕಳ ಚಿತ್ರಕ್ಕೆ ಟಕ್ಸ್ ಪೇಂಟ್, ಲೆಕ್ಕ ಮತ್ತು ಒಗಟುಗಳಿಗೆ ಜಿಕಾಂಪ್ರಿ, ದನಿ ಮುದ್ರಿಸಲು ಅಡಾಸಿಟಿ.

ಟಕ್ಸ್ ಪೇಂಟ್ ಬಗ್ಗೆ ಒಂದು ಮಾತು ಹೇಳಲೇಬೇಕು. 2002ರಿಂದ ಇರುವ ಸಾಫ್ಟ್‌ವೇರ್ ಅದು. ಚಿತ್ರ ಉಳಿಸುವಾಗ ಅದು ಮಗುವನ್ನು "ಫೈಲಿಗೆ ಏನು ಹೆಸರು, ಎಲ್ಲಿ ಇಡಲಿ" ಅಂತ ಕೇಳುವುದಿಲ್ಲ. ಸುಮ್ನೆ ಉಳಿಸಿಕೊಳ್ಳುತ್ತದೆ. ತೆರೆಯುವಾಗ ಬರೆದ ಚಿತ್ರಗಳನ್ನೇ ಸಣ್ಣದಾಗಿ ಸಾಲಾಗಿ ತೋರಿಸುತ್ತದೆ, ಮಗು ತನ್ನದನ್ನು ನೋಡಿ ಮುಟ್ಟಿದರೆ ಆಯಿತು. ಅಕ್ಷರ ಇನ್ನೂ ಬಾರದ ಮಗುವಿನ ಪಕ್ಕದಲ್ಲಿ ಕೂತು ನೋಡಿದ ಯಾರೋ ಇದನ್ನು ಮಾಡಿದ್ದಾರೆ ಅನಿಸುತ್ತದೆ ನನಗೆ.

ಅಡಾಸಿಟಿಯನ್ನು ನಾನು ಹಾಕಿಸಿಕೊಂಡಿದ್ದು ಪ್ರಾರ್ಥನೆಯ ಹಾಡು ಮುದ್ರಿಸೋಣ ಅಂತ. ಉಕ್ತಲೇಖನ ತಿದ್ದಿದ ಆ ಸಂಜೆ ಏನೋ ಹೊಳೆದು, ಮೊಬೈಲಿನ ಇಯರ್‌ಫೋನ್ ಸಿಕ್ಕಿಸಿ, ಮೈಕಿನ ಹತ್ತಿರ "ಕತೆ" ಅಂದೆ. ಸ್ವಲ್ಪ ಬಿಟ್ಟು "ಕತ್ತೆ" ಅಂದೆ. ಪರದೆಯ ಮೇಲೆ ಎರಡು ನೀಲಿ ಅಲೆಗಳು ಮೂಡಿದವು. ಮೊದಲನೆಯದರಲ್ಲಿ ಒಂದು ಗುಡ್ಡ, ಒಂದು ಸಣ್ಣ ಸಂದು, ಇನ್ನೊಂದು ಗುಡ್ಡ. ಎರಡನೆಯದರಲ್ಲೂ ಗುಡ್ಡ, ಸಂದು, ಗುಡ್ಡ. ಆದರೆ ಈ ಸಂದು ಮೊದಲಿನದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಅಗಲ. ಒತ್ತಕ್ಷರ ಅಂದರೆ ಜೋರಾಗಿ ಹೇಳುವುದು ಅಂತಲೇ ನಾನು ಇಷ್ಟು ವರ್ಷ ಕಲಿಸಿದ್ದೆ. ಅಲ್ಲಿ ಜೋರೇನೂ ಇರಲಿಲ್ಲ. ಅಲ್ಲಿದ್ದದ್ದು ಮೌನ. ತ ಹೇಳಲು ನಾಲಿಗೆ ಹಲ್ಲಿನ ಹಿಂದೆ ಹೋಗಿ ಗಾಳಿಯನ್ನು ತಡೆಯುತ್ತದೆ, ತ್ತ ಹೇಳುವಾಗ ಅದೇ ತಡೆಯನ್ನು ಇನ್ನೂ ಸ್ವಲ್ಪ ಹೊತ್ತು ಹಿಡಿದಿಡುತ್ತದೆ. ಅಷ್ಟೇ ವ್ಯತ್ಯಾಸ. ಅಷ್ಟರಲ್ಲೇ ಕತೆ ಹೋಗಿ ಕತ್ತೆ ಬರುತ್ತದೆ.

ಮಾರನೇ ದಿನ ತರಗತಿಯಲ್ಲಿ ಇದನ್ನು ಮಾಡಲು ಒಂದು ತೊಡಕಿತ್ತು. ನಮ್ಮ ಗೋಡೆಯಾಚೆ ಪವರ್ ಪ್ರೆಸ್ ಇದೆ. ದಿನವಿಡೀ ಧಡ್ ಧಡ್ ಅನ್ನುತ್ತಿರುತ್ತದೆ. ಅಡಾಸಿಟಿಯಲ್ಲಿ ಗದ್ದಲ ಕಡಿಮೆ ಮಾಡುವ ಒಂದು ಸೌಲಭ್ಯ ಇದೆ, ಆದರೆ ಮೊದಲು ಬರೀ ಗದ್ದಲದ ಒಂದು ತುಣುಕನ್ನು ಅದಕ್ಕೆ ತೋರಿಸಬೇಕು. ಹಾಗಾಗಿ ಮಕ್ಕಳಿಗೆ ಐದು ಸೆಕೆಂಡು ಪೂರ್ತಿ ಸುಮ್ಮನಿರಿ ಅಂದೆ. 31 ಮಕ್ಕಳು ಉಸಿರು ಬಿಗಿಹಿಡಿದು ಕೂತರು. ಪರದೆಯ ಮೇಲೆ ಪ್ರೆಸ್ಸಿನ ಒಂದೊಂದು ಏಟಿಗೂ ಒಂದೊಂದು ಮೊಳೆ ಎದ್ದು ನಿಂತಿತು. "ಮಿಸ್, ಅದು ನಮ್ಮಪ್ಪನ ಮಿಷನ್ನು" ಅಂತ ಒಬ್ಬ ಎದ್ದು ನಿಂತ. ನಿಜ, ಅವನ ಅಪ್ಪ ಅಲ್ಲೇ ಕೆಲಸ ಮಾಡುವುದು. ಆ ಒಂದು ಸಾಲಿನ ಅಲೆಯನ್ನು ಅಳಿಸಲು ನನಗೆ ಮನಸ್ಸು ಬರಲಿಲ್ಲ, ಈಗಲೂ ಲ್ಯಾಪ್‌ಟಾಪಿನಲ್ಲಿ ಇದೆ.

ಆಮೇಲೆ ಒಬ್ಬೊಬ್ಬರೇ ಬಂದು ಎರಡೂ ಪದ ಹೇಳಿದರು. ಕತೆ, ಕತ್ತೆ. ಹತ್ತು ಮಕ್ಕಳಾಗುವಷ್ಟರಲ್ಲಿ ತರಗತಿಗೆ ಗೊತ್ತಾಗಿಹೋಗಿತ್ತು. ಅಲೆ ಮೂಡಿದ ತಕ್ಷಣ, ದನಿ ಕೇಳಿಸದೆಯೇ, "ಅಗಲ ಇದೆ, ಅದು ಕತ್ತೆ" ಅಂತ ಕೂಗುತ್ತಿದ್ದರು. ಸಂದನ್ನು ಮೌಸಿನಲ್ಲಿ ಎಳೆದು ಹಿಡಿದರೆ ಅದು ಎಷ್ಟು ಹೊತ್ತು ಅಂತ ಅಡಾಸಿಟಿಯೇ ಕೆಳಗೆ ತೋರಿಸುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗ ಅಂದರೆ ಎಷ್ಟು ಅಂತ ಆ ದಿನ ಕೇಳಿದ ಪ್ರಶ್ನೆ ಗಣಿತದ ಪೀರಿಯಡ್ಡಿನಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ.

ಈಗ ಆ ಹುಡುಗಿಯ ಬಗ್ಗೆ ಹೇಳಬೇಕು. ಜೂನ್ ಕೊನೆಯಲ್ಲಿ ಯಾದಗಿರಿ ಕಡೆಯಿಂದ ಬಂದು ಸೇರಿದವಳು. ಅಪ್ಪ ಅಮ್ಮ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಕಾರಣ ನನಗೆ ಗೊತ್ತಿತ್ತು. ಮೊದಲ ವಾರ "ನಮ್ಮ ಮನಿ" ಅಂದಾಗ ಹಿಂದಿನ ಸಾಲು ನಕ್ಕಿತ್ತು. ಆ ದಿನ ಅವಳ ಸರದಿ ಬಂತು. ಮೈಕಿನ ಹತ್ತಿರ ಬಾಗಿ "ಕತಿ" ಅಂದಳು, ಆಮೇಲೆ "ಕತ್ತಿ" ಅಂದಳು. ಆ ಸೀಮೆಯಲ್ಲಿ ಕೊನೆಯ ಎ ಇ ಆಗುತ್ತದೆ, ಮನೆ ಮನಿ ಆದ ಹಾಗೆ ಕತ್ತೆ ಕತ್ತಿ ಆಗುತ್ತದೆ. ಮಕ್ಕಳು ನಗಲು ಶುರುಮಾಡಿದರು, "ಕತ್ತಿ ಅಂದ್ರೆ ಚಾಕು ಮಿಸ್" ಅಂತ. ಅಷ್ಟರಲ್ಲಿ ಪರದೆಯ ಮೇಲೆ ಅಲೆ ಮೂಡಿತು. ಮುಂದಿನ ಬೆಂಚಿನ ಹುಡುಗನೊಬ್ಬ ಎದ್ದು ಬಂದು ಬೆರಳಿಟ್ಟು ತೋರಿಸಿದ. ಅವಳ ಸಂದೂ ಅಗಲ, ನಮ್ಮ ಸಂದೂ ಅಗಲ. ನಾನು ಅವನ ಅಲೆಯನ್ನು ಮೇಲಿಟ್ಟು, ಅವಳ ಅಲೆಯನ್ನು ಅದರ ಕೆಳಗೆ ಇಟ್ಟೆ. ಕೊನೆಯ ಗುಡ್ಡ ಬೇರೆ ಇರಬಹುದು, ನಡುವಿನ ಒತ್ತು ಅದೇ. "ಅವರ ಊರಲ್ಲಿ ಹಂಗಂತಾರೆ, ಕನ್ನಡ ಒಂದೇ" ಅಂತ ನಾನು ನೂರು ಸಲ ಬಾಯಲ್ಲಿ ಹೇಳಿದ್ದರೂ ಆ ಎರಡು ಸಾಲು ಹೇಳಿದಷ್ಟು ಹೇಳುತ್ತಿರಲಿಲ್ಲ. ಯಾರೂ ಮತ್ತೆ ನಗಲಿಲ್ಲ. ಅವಳು ತನ್ನ ಅಲೆಯನ್ನು ತುಂಬಾ ಹೊತ್ತು ನೋಡುತ್ತಾ ನಿಂತಳು. "ಇದು ನಂದೇ ಏನ್ರೀ ಟೀಚರ್?" ಅಂತ ಕೇಳಿದಳು.

ಒಂದೇ ಲ್ಯಾಪ್‌ಟಾಪಿನಲ್ಲಿ 31 ಮಕ್ಕಳನ್ನು ಹೇಗೆ ಸಂಭಾಳಿಸುತ್ತೀರಿ ಅಂತ ಪಕ್ಕದ ಶಾಲೆಯ ಟೀಚರ್ ಕೇಳಿದರು. ಇದಕ್ಕೆ ನಲಿ-ಕಲಿಗೆ ಥ್ಯಾಂಕ್ಸ್ ಹೇಳಬೇಕು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ, 2009-10ರಿಂದ ರಾಜ್ಯದ ಎಲ್ಲ ಕನ್ನಡ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆ ಬಂದ ಪದ್ಧತಿ ಅದು. ನಮ್ಮ ಮಕ್ಕಳು ಒಂದರಿಂದ ಮೂರನೇ ತರಗತಿವರೆಗೂ ಅದರಲ್ಲೇ ಬೆಳೆದವರು. ತಟ್ಟೆ ಅಂತ ಕರೆಯುವ ಗುಂಪುಗಳಲ್ಲಿ ಕೂರುವುದು, ಕಾರ್ಡು ತೆಗೆದುಕೊಂಡು ತಾವೇ ಕೆಲಸ ಮಾಡುವುದು, ಗೊತ್ತಿಲ್ಲದಿದ್ದರೆ ಪಕ್ಕದವರನ್ನು ಕೇಳುವುದು ಅವರಿಗೆ ಕಲಿಸಬೇಕಾಗಿಲ್ಲ. ಲ್ಯಾಪ್‌ಟಾಪನ್ನು ಇನ್ನೊಂದು ತಟ್ಟೆ ಮಾಡಿಬಿಟ್ಟೆ. ಐದೈದು ಮಕ್ಕಳು, ಹದಿನೈದು ನಿಮಿಷ. ಒಬ್ಬರು ಹೇಳಬೇಕು, ಒಬ್ಬರು ಮೌಸ್ ಹಿಡಿಯಬೇಕು, ಒಬ್ಬರು ಬರೆದುಕೊಳ್ಳಬೇಕು, ಉಳಿದಿಬ್ಬರು ಸರಿಯೋ ತಪ್ಪೋ ಜಗಳ ಆಡಬೇಕು. ಆ ಜಗಳವೇ ಪಾಠ. ಪ್ರತಿ ಮಗುವಿಗೂ ಒಂದೊಂದು ಟ್ಯಾಬ್ ಕೊಟ್ಟಿದ್ದರೆ ತಲೆ ಬಗ್ಗಿಸಿ ಕೂರುತ್ತಿದ್ದರು, ಯಾರ ಸಂದು ಅಗಲ ಅಂತ ಯಾರೂ ಜಗಳ ಆಡುತ್ತಿರಲಿಲ್ಲ.

ಇದರಿಂದ ಕೀಬೋರ್ಡಿಗೆ ಹೋದೆವು. ಲಿನಕ್ಸ್‌ನಲ್ಲಿ ಕಗಪ ಅನ್ನುವ ಕನ್ನಡ ಕೀಲಿಮಣೆ ಮೊದಲೇ ಇರುತ್ತದೆ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವವರಿಗೆಲ್ಲ ಗೊತ್ತಿರುವುದೇ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಅದರ ಮೂಲ. ಅದರಲ್ಲಿ ಕತೆ ಬರೆಯಲು ಮೂರು ಕೀಲಿ: ಕೆ, ಟಿ, ಇ. ಕತ್ತೆಗೆ ಐದು: ಕೆ, ಟಿ, ಎಫ್, ಟಿ, ಇ. ಆ ನಡುವಿನ ಎಫ್ ಇದೆಯಲ್ಲ, ಅದೇ ಒತ್ತು ಕೊಡುವ ಕೀಲಿ. ಸ್ಲೇಟಿನ ಮೇಲೆ ಬರೆಯುವಾಗ ಒತ್ತು ಅಕ್ಷರದ ಕೆಳಗೆ ಹೋಗಿ ಕೂರುತ್ತದೆ, ಮಗುವಿನ ಕಣ್ಣಿಗೆ ಅದು ಕೊನೆಗೆ ಅಂಟಿಸಿದ ಬಾಲದ ಹಾಗೆ ಕಾಣುತ್ತದೆ, ಬಿಟ್ಟರೂ ಏನಾಗಲ್ಲ ಅನಿಸುತ್ತದೆ. ಟೈಪ್ ಮಾಡುವಾಗ ಹಾಗಲ್ಲ. ತ, ತಡೆ, ಮತ್ತೆ ತ. ಬಾಯಲ್ಲಿ ಬರುವ ಕ್ರಮದಲ್ಲೇ ಬೆರಳು ಹೋಗಬೇಕು. ಎಫ್ ಒತ್ತುವಾಗ ಮಕ್ಕಳು ತಾವಾಗಿಯೇ ಒಂದು ಕ್ಷಣ ಉಸಿರು ಹಿಡಿಯುತ್ತಿದ್ದರು. ನಾನು ಹೇಳಿಕೊಟ್ಟಿದ್ದಲ್ಲ ಅದು.

ಆಗಸ್ಟ್ ಕೊನೆಯಲ್ಲಿ ಅದೇ ಥರದ ಇನ್ನೊಂದು ಉಕ್ತಲೇಖನ ಕೊಟ್ಟೆ. ಒತ್ತು ಬಿಟ್ಟವರು ನಾಲ್ಕು ಮಂದಿ. ಬರೆಯುವಾಗ ಮಕ್ಕಳು ತುಟಿ ಆಡಿಸಿ ಹೇಳಿಕೊಂಡು ನೋಡುತ್ತಿದ್ದರು.

ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಇದನ್ನೆಲ್ಲ ನೋಡಿ "ಕಪ್ಪುಹಲಗೆ ಸಾಲಲ್ವಾ ಮೇಡಂ?" ಅಂದರು. ಸಾಲುತ್ತದೆ. ನನ್ನ ದಿನದ ಬಹುಪಾಲು ಕೆಲಸಕ್ಕೆ ಕಪ್ಪುಹಲಗೆಯೇ ಸಾಲುತ್ತದೆ, ಹುಣಸೆಬೀಜ ಸಾಲುತ್ತದೆ, ಕಡ್ಡಿಕಟ್ಟು ಸಾಲುತ್ತದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ಪಾಠದ ವಿಡಿಯೊ ಬರುತ್ತದೆ. 2017ರಿಂದ ಇರುವ ವ್ಯವಸ್ಥೆ, ನನಗೆ ಪಾಠದ ತಯಾರಿಗೆ ತುಂಬಾ ಉಪಯೋಗಕ್ಕೆ ಬಂದಿದೆ. ಆದರೆ ತರಗತಿಯಲ್ಲಿ ಅದನ್ನು ಹಾಕಿ ಕೂತರೆ ಮಕ್ಕಳು ನೋಡುವವರಾಗುತ್ತಾರೆ ಅಷ್ಟೇ. ಹಲಗೆಗೆ ಆಗುವುದನ್ನು ಯಂತ್ರದಲ್ಲಿ ಮಾಡಿಸಬಾರದು ಅನ್ನುವುದು ನಾನು ಹಾಕಿಕೊಂಡ ಲೆಕ್ಕ. ಮೌನದ ಅಗಲವನ್ನು ಹಲಗೆ ತೋರಿಸಲಾರದು. ಅದಕ್ಕೆ ಮಾತ್ರ ಲ್ಯಾಪ್‌ಟಾಪ್ ತೆಗೆಯುತ್ತೇನೆ.

ಪುಕ್ಕಟೆ ಅನ್ನುವ ಮಾತಿಗೆ ಬರುತ್ತೇನೆ, ಅದರಲ್ಲಿ ನನಗೆ ನೋವಾಗಿದೆ. 2020ರಲ್ಲಿ ಶಾಲೆ ಮುಚ್ಚಿದಾಗ, ವಿದ್ಯಾಗಮ ಕಾರ್ಯಕ್ರಮದಲ್ಲಿ ದೇವಸ್ಥಾನದ ಕಟ್ಟೆ, ಅರಳಿಮರದ ನೆರಳು ಅಂತ ಪಾಠ ಮಾಡುತ್ತಿದ್ದ ದಿನಗಳಲ್ಲಿ, ನಾವೆಲ್ಲ ಸಿಕ್ಕಸಿಕ್ಕ ಆ್ಯಪುಗಳನ್ನು ಫೋನಿಗೆ ತುಂಬಿಕೊಂಡೆವು. ಪುಕ್ಸಟ್ಟೆ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುತ್ತಾರಲ್ಲ, ಹಾಗೆ. ಅದರಲ್ಲಿ ಒಂದು ರಸಪ್ರಶ್ನೆಯ ಜಾಲತಾಣವನ್ನು ನಾನು ಶಾಲೆ ತೆರೆದ ಮೇಲೂ ಬಳಸುತ್ತಿದ್ದೆ. ಪ್ರತಿ ಮಗುವಿನ ಹೆಸರು, ಹುಟ್ಟಿದ ದಿನ ಎಲ್ಲ ಹಾಕಿ, ವಾರವಾರ ಯಾರು ಎಲ್ಲಿ ತಪ್ಪಿದ್ದಾರೆ ಅಂತ ಬರೆದಿಟ್ಟಿದ್ದೆ. ಒಂದು ಬೆಳಗ್ಗೆ ಲಾಗಿನ್ ಆದರೆ, ಇನ್ನು ಮುಂದೆ ಇದಕ್ಕೆ ತಿಂಗಳಿಗೆ ಇಷ್ಟು ಕಟ್ಟಬೇಕು ಅಂತ ಬಂತು. ಆರು ತಿಂಗಳ ಟಿಪ್ಪಣಿ ಬೀಗದ ಹಿಂದೆ ಉಳಿಯಿತು. ದುಡ್ಡಿನ ಮಾತು ಒಂದು ಕಡೆ ಇರಲಿ. ನನ್ನ ಮಕ್ಕಳ ಹೆಸರು, ಹುಟ್ಟಿದ ದಿನ, ಅವರ ತಪ್ಪುಗಳು ಯಾರದೋ ಕೈಯಲ್ಲಿ ಇವೆ, ಅವನ್ನು ಅಲ್ಲಿಗೆ ಕೊಟ್ಟವಳು ನಾನು. ಅವರ ಅಪ್ಪ ಅಮ್ಮಂದಿರನ್ನು ನಾನು ಒಂದು ಮಾತು ಕೇಳಿರಲಿಲ್ಲ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಕಾಯ್ದೆ ಬರುವ ಮುಂಚೆಯೇ ನನಗೆ ಅನಿಸಬೇಕಿತ್ತು.

ಅವತ್ತಿನಿಂದ ನನ್ನ ತಲೆಯಲ್ಲಿ ಪುಕ್ಕಟೆ ಬೇರೆ, ಮುಕ್ತ ಬೇರೆ. ಪುಕ್ಕಟೆ ಅನ್ನುವುದು ಕೊಟ್ಟವರ ಮನಸ್ಸಿನಲ್ಲಿ ಇರುತ್ತದೆ, ನಾಳೆ ಬದಲಾಗಬಹುದು. ಅಡಾಸಿಟಿಯಂಥವು ಮುಕ್ತ ತಂತ್ರಾಂಶಗಳು. ಅದರ ಪರವಾನಗಿಯೇ ಹಾಗಿದೆ: ಯಾರು ಬೇಕಾದರೂ ಬಳಸಬಹುದು, ನಕಲು ಮಾಡಿ ಪಕ್ಕದ ಶಾಲೆಗೆ ಕೊಡಬಹುದು, ಒಳಗಿನ ಕೋಡ್ ತೆರೆದು ಬದಲಾಯಿಸಬಹುದು. 2021ರಲ್ಲಿ ಅಡಾಸಿಟಿ ಒಂದು ಕಂಪನಿಯ ಕೈಗೆ ಹೋಯಿತು, ಬಳಸುವವರ ಮಾಹಿತಿ ಕಲೆಹಾಕುವ ಯೋಚನೆಯೂ ಬಂತು. ಬಳಸುವವರೇ ಗಲಾಟೆ ಮಾಡಿದ ಮೇಲೆ ಅದನ್ನು ಕೈಬಿಟ್ಟರು, ಅದೇ ವರ್ಷ ಕೆಲವರು ಕೋಡ್ ತೆಗೆದುಕೊಂಡು ಬೇರೆ ಹೆಸರಲ್ಲಿ ಬೇರೆ ಕವಲನ್ನೂ ಶುರುಮಾಡಿದರು. ಅಂದರೆ ಮನೆ ಯಜಮಾನರು ಬದಲಾದರೂ ನಮ್ಮನ್ನು ಹೊರಗೆ ಹಾಕಲು ಆಗುವುದಿಲ್ಲ. ಈಗ ನಮ್ಮ ಮಕ್ಕಳ ಯಾವ ದನಿಯೂ ನೆಟ್‌ಗೆ ಹೋಗುವುದಿಲ್ಲ. ಫೈಲುಗಳಿಗೆ ಅವರ ಹೆಸರೂ ಇಟ್ಟಿಲ್ಲ. ಸೀತಾಫಲ, ಸೀಬೆ, ನೇರಳೆ, ಬಾರೆಹಣ್ಣು ಅಂತ ಅವರೇ ಹೆಸರು ಇಟ್ಟುಕೊಂಡಿದ್ದಾರೆ.

ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ಮಕ್ಕಳ ಕತೆಗಳ ಜಾಲತಾಣ ಕೂಡ ಇದೇ ಜಾತಿಯದು. ನಮ್ಮ ಬೆಂಗಳೂರಿನದೇ, 2015ರಲ್ಲಿ ಶುರುವಾದದ್ದು. ಅಲ್ಲಿನ ಕನ್ನಡ ಕತೆಗಳನ್ನು ಡೌನ್‌ಲೋಡ್ ಮಾಡಬಹುದು, ಪ್ರಿಂಟ್ ಹಾಕಬಹುದು, ಬದಲಾಯಿಸಿ ಬರೆಯಲೂಬಹುದು, ಮೂಲ ಬರೆದವರ ಮತ್ತು ಚಿತ್ರ ಬಿಡಿಸಿದವರ ಹೆಸರು ಹೇಳಬೇಕು ಅಷ್ಟೇ. ಡಿಸೆಂಬರಿನಲ್ಲಿ ಒಂದು ಪುಟ್ಟ ಕತೆಯನ್ನು ತೆಗೆದು, ಅದರ ಚಿತ್ರಗಳನ್ನು ಇಟ್ಟುಕೊಂಡು, ಮಾತುಗಳನ್ನು ತಮ್ಮ ತಮ್ಮ ಮನೆಯ ಕನ್ನಡದಲ್ಲಿ ಹೇಳಿ ಅಂದೆ. ಯಾದಗಿರಿಯ ಹುಡುಗಿ ಎದ್ದು ನಿಂತು, ಮೈಕಿಗೆ ಕಾಯದೆ, ಶುರುಮಾಡಿಬಿಟ್ಟಳು. "ಒಂದೂರಾಗ ಒಬ್ಬಾಕಿ ಮುದುಕಿ ಇದ್ಲಂತ..." ಅವಳು ಹೇಳಿದ್ದನ್ನು ಅವಳ ಗುಂಪಿನವರೇ ಟೈಪ್ ಮಾಡಿದರು. ಒಂದು ಕಡೆ ಒಬ್ಬ ಹುಡುಗ "ಮನಿ" ಅನ್ನುವುದನ್ನು ಮನೆ ಅಂತ ತಿದ್ದಲು ಹೋದ, ಇನ್ನೊಬ್ಬಳು ಕೈ ತಡೆದು "ಅವಳು ಹೇಳಿದ್ದು ಬರಿ" ಅಂದಳು. ಪ್ರಿಂಟ್ ಹಾಕಿಸಿ, ದಾರದಲ್ಲಿ ಹೊಲಿದು, ಓದುವ ಮೂಲೆಯಲ್ಲಿ ಇಟ್ಟಿದ್ದೇವೆ. ಒಂಬತ್ತು ಪುಟ. ಅಂಚು ಈಗಾಗಲೇ ಕಪ್ಪಾಗಿದೆ.

ನಡುವೆ ನಮ್ಮ ಒತ್ತಿನ ಲೆಕ್ಕವೇ ತಪ್ಪಿದ್ದನ್ನೂ ಹೇಳಬೇಕು. ಹಗ್ಗ ಅಂದಾಗ ಸಂದು ಪೂರ್ತಿ ಖಾಲಿ ಇರಲಿಲ್ಲ, ಒಳಗೆ ಸಣ್ಣ ಸಣ್ಣ ಅಲೆ ಓಡುತ್ತಿತ್ತು. ಹಳಿ ಮತ್ತು ಹಳ್ಳಿ ಹೇಳಿದಾಗಲಂತೂ ಸಂದೇ ಇಲ್ಲ. ಎರಡೂ ತುಂಬಿದ ಅಲೆಗಳೇ, ಹಳ್ಳಿಯದು ಉದ್ದ ಅಷ್ಟೇ. "ಮಿಸ್, ಇಲ್ಲಿ ಒತ್ತು ಎಲ್ಲಿ?" ಅಂತ ಇಡೀ ಗುಂಪು ನನ್ನ ಮುಖ ನೋಡಿತು. ಕುತ್ತಿಗೆ ಮೇಲೆ ಕೈ ಇಟ್ಟುಕೊಂಡು ಹೇಳಿ ನೋಡಿ ಅಂದೆ. ತ್ತ ಅನ್ನುವಾಗ ಗಂಟಲು ಒಂದು ಗಳಿಗೆ ನಿಲ್ಲುತ್ತದೆ. ಳ್ಳ ಅನ್ನುವಾಗ ಜುಮ್ ಅನ್ನುತ್ತಲೇ ಇರುತ್ತದೆ, ಗಾಳಿ ನಾಲಿಗೆಯ ಪಕ್ಕದಿಂದ ಹೋಗುತ್ತಲೇ ಇರುತ್ತದೆ. ಅಮ್ಮ ಅಂದರೆ ಮೂಗಿನಿಂದ ಹೋಗುತ್ತದೆ. ಅದನ್ನು ಕಂಡುಹಿಡಿದದ್ದು ಮೂಗು ಮುಚ್ಚಿಕೊಂಡು ಅಮ್ಮ ಅನ್ನಲು ಹೋಗಿ ಆಗದೇ ಇದ್ದ ಹುಡುಗ. ಆವತ್ತು ಮಧ್ಯಾಹ್ನ ಬಿಸಿಯೂಟದ ಸಾಲಿನಲ್ಲಿ 31 ಮಕ್ಕಳೂ ಮೂಗು ಹಿಡಿದುಕೊಂಡು ನಿಂತಿದ್ದರು. ಹೆಡ್‌ಮೇಷ್ಟ್ರು ಬಂದು ಏನಾಯಿತು ಅಂತ ವಿಚಾರಿಸಿದರು.

ಈಗ ಗೋಡೆಯ ಮೇಲೆ ಒಂದು ಉದ್ದದ ಹಾಳೆ ಇದೆ. ಒಂದು ಕಡೆ ಖಾಲಿ ಒತ್ತುಗಳು, ಇನ್ನೊಂದು ಕಡೆ ತುಂಬಿದ ಒತ್ತುಗಳು. ಹೆಸರು ಮಕ್ಕಳೇ ಇಟ್ಟಿದ್ದು. ಹತ್ತಿ, ಅಕ್ಕಿ, ಕಪ್ಪೆ, ಚಿಟ್ಟೆ ಒಂದು ಕಡೆ. ಬೆಲ್ಲ, ಹಣ್ಣು, ಅಮ್ಮ, ಹಳ್ಳಿ ಇನ್ನೊಂದು ಕಡೆ. ಹಗ್ಗ, ಹಬ್ಬ, ಗೆದ್ದ ನಡುವೆ ಇವೆ, ಅವು ಎಲ್ಲಿಗೆ ಸೇರಬೇಕು ಅಂತ ಇನ್ನೂ ತೀರ್ಮಾನ ಆಗಿಲ್ಲ.

ಈ ಶನಿವಾರ ಮನೆಗೆ ಹೊರಡುವಾಗ ಆ ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು. "ಟೀಚರ್ರೀ, ಕಾಲು, ಕಾಳು. ಇವೆರಡೂ ಹೆಂಗ ಕಾಣ್ತಾವ್ರಿ?" ಅಂದಳು. ಲ್ಯಾಪ್‌ಟಾಪ್ ತೆಗೆದು ಇಬ್ಬರೂ ನೋಡಿದೆವು. ಎರಡು ಅಲೆಗಳೂ ಒಂದೇ ಥರ ಇದ್ದವು. ಅವಳಿಗೆ ಸಮಾಧಾನ ಆಗಲಿಲ್ಲ, "ಕಿವಿಗೆ ಬ್ಯಾರೆ ಕೇಳ್ತೈತಲ್ರಿ" ಅಂದಳು. ಅಡಾಸಿಟಿಯಲ್ಲಿ ಸ್ಪೆಕ್ಟ್ರೊಗ್ರಾಮ್ ಅಂತ ಇನ್ನೊಂದು ನೋಟ ಇದೆ, ದನಿಯೊಳಗಿನ ತಗ್ಗು ಎತ್ತರಗಳನ್ನು ಬಣ್ಣದಲ್ಲಿ ಬಿಡಿಸಿ ತೋರಿಸುತ್ತದೆ. ಅಲ್ಲಿ ಕಾಣಬಹುದು ಅಂದೆ. ಅಷ್ಟರಲ್ಲಿ ಬ್ಯಾಟರಿ ಮುಗಿಯಿತು, ಕರೆಂಟೂ ಇರಲಿಲ್ಲ. ಸೋಮವಾರ ಬೆಳಗ್ಗೆ ಪ್ರಾರ್ಥನೆಗೂ ಮುಂಚೆ ಬರುತ್ತೇನೆ ಅಂತ ಹೇಳಿ ಹೋಗಿದ್ದಾಳೆ. ಚಾರ್ಜರ್ ಮನೆಗೆ ತಂದಿದ್ದೇನೆ.